ನಮ್ಮವರ ಕಾಲೇಜು ಅಂತ ನಂಬಿ ಮೂರು ವರ್ಷ ಕಳೆದುಕೊಂಡೆ, ಸೇರುವ ಮೊದಲು ಓದಿ

ಹೋದ ಭಾನುವಾರ ಆರಾಧನೆ ಮುಗಿಸಿ ಹೊರಗೆ ಬರುವಾಗ ಬೆಟಗೇರಿಯ ನಮ್ಮ ಸಭೆಯ ಹುಡುಗಿಯೊಬ್ಬಳು ಒಂದು ಬ್ರೋಷರ್ ತಂದು ಕೈಗಿಟ್ಟಳು. "ಅಕ್ಕಾ, ಈ ಕಾಲೇಜ್ ಹೆಂಗದ? ಹುಬ್ಬಳ್ಳ್ಯಾಗ ಅದಂತ." ಹೆಸರು ನಾನು ಕೇಳಿದ್ದಲ್ಲ. ಸುಮ್ನೆ ಪುಟ ತಿರುವಿದೆ. ನಾಲ್ಕನೇ ಪುಟದಲ್ಲಿ ಗ್ರಂಥಾಲಯದ ಫೋಟೋ. ಮೂರು ಜನ ಹುಡುಗಿಯರು ಪುಸ್ತಕ ಹಿಡಿದು ನಗುತ್ತಿದ್ದಾರೆ. ನಡುವೆ ನೀಲಿ ಚೂಡಿದಾರದವಳು ನಾನು.

ಕಾಲೇಜಿನ ಹೆಸರು ಬದಲಾಗಿದೆ, ಫೋನ್ ನಂಬರ್ ಬದಲಾಗಿದೆ. ಫೋಟೋ ಬದಲಾಯಿಸುವಷ್ಟು ಪುರುಸೊತ್ತು ಸಿಕ್ಕಿಲ್ಲ ಅಂತ ಕಾಣುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಹಾಕಿದರೂ ಪ್ರಯೋಜನ ಇಲ್ಲ, ಮುಂದಿನ ಜೂನ್‌ಗೆ ಇನ್ನೊಂದು ಬೋರ್ಡು ಏರಿರುತ್ತದೆ.

ನಾನು 2016ರಲ್ಲಿ ಪಿಯುಸಿ ಮುಗಿಸಿದೆ. ಆರ್ಟ್ಸ್, ಸೆಕೆಂಡ್ ಕ್ಲಾಸ್. ಹೈಸ್ಕೂಲ್ ಟೀಚರ್ ಆಗಬೇಕು ಅನ್ನೋದು ಬಿಟ್ಟರೆ ತಲೆಯಲ್ಲಿ ಬೇರೆ ಏನೂ ಇರಲಿಲ್ಲ. ಅಪ್ಪನದು ಮಗ್ಗದ ಕೆಲಸ, ಅಮ್ಮ ಹೊಲಿಗೆ. ಏಪ್ರಿಲ್‌ನ ಒಂದು ಕೂಟಕ್ಕೆ ಹುಬ್ಬಳ್ಳಿಯಿಂದ ಒಂದು ತಂಡ ಬಂದಿತ್ತು. ಹಾಡಿದರು, ಸಾಕ್ಷಿ ಹೇಳಿದರು, ಕೊನೆಗೆ ಬ್ರೋಷರ್ ಹಂಚಿದರು. ಮೂರು ವರ್ಷದ ಬಿ.ಎ., ಬೈಬಲ್ ಅಧ್ಯಯನ ಮತ್ತು ಆಪ್ತಸಮಾಲೋಚನೆ. ವರ್ಷಕ್ಕೆ 38 ಸಾವಿರ, ಹಾಸ್ಟೆಲ್ ಸೇರಿ. ಕೆಳಗೆ ದಪ್ಪ ಅಕ್ಷರದಲ್ಲಿ: ಸರಕಾರದಿಂದ ನೋಂದಾಯಿತ, ಅಂತಾರಾಷ್ಟ್ರೀಯ ಮಾನ್ಯತೆ ಪಡೆದ ಸಂಸ್ಥೆ. ಅದರ ಕೆಳಗೆ: ಎಂ.ಎ., ಬಿ.ಎಡ್.ಗೆ ಅರ್ಹ.

ಅಪ್ಪ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ನಮ್ಮ ಕಡೆ ಮಿಶನ್ ಅಂದರೆ ಶಾಲೆ ಅಂತಲೇ ಅರ್ಥ. ಬಾಸೆಲ್ ಮಿಶನ್‌ನವರು 1837ರಲ್ಲಿ ಧಾರವಾಡಕ್ಕೆ ಬಂದರು, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಹೋದಲ್ಲೆಲ್ಲ ಮೊದಲು ತೆರೆದದ್ದು ಸಾಲಿ. ಅವರಲ್ಲೇ ಒಬ್ಬರಾದ ಕಿಟೆಲ್ 1894ರಲ್ಲಿ ಹೊರತಂದ ನಿಘಂಟನ್ನು ಇವತ್ತಿಗೂ ಕನ್ನಡ ಎಂ.ಎ. ಹುಡುಗರು ತೆಗೆದು ನೋಡುತ್ತಾರೆ. ಯಾರೋ ಪುಣ್ಯಾತ್ಮರು ನೂರೆಪ್ಪತ್ತು ವರ್ಷ ದುಡಿದು ಗಳಿಸಿಟ್ಟ ನಂಬಿಕೆ ಅದು. ಇವರು ಬಂದು ಬಾಡಿಗೆ ಕಟ್ಟಡದ ಮೇಲೆ ಒಂದು ಶಿಲುಬೆ ನಿಲ್ಲಿಸಿ ಅದನ್ನು ನಗದು ಮಾಡಿಕೊಂಡರು. "ಕಾಗದ ತೋರಿಸ್ರಿ" ಅಂತ ಕೇಳೋದು ಅಂದರೆ ಸ್ವಂತ ಮಾವನ ಮನೆಯಲ್ಲಿ ಊಟದ ಬಿಲ್ ಕೇಳಿದ ಹಾಗೆ ಅನಿಸುತ್ತಿತ್ತು ನಮಗೆ.

ಓದಿದ್ದು ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಗ್ರೀಕ್ ಅಕ್ಷರ ಕಲಿಸಿದ ಒಬ್ಬ ಮೇಡಂ ಇದ್ದರು, ಆಲ್ಫಾದಿಂದ ಒಮೇಗಾದವರೆಗೆ ಈಗಲೂ ಬಾಯಿಗೆ ಬರುತ್ತದೆ. ದುಃಖದಲ್ಲಿದ್ದವರ ಹತ್ತಿರ ಹೇಗೆ ಕೂತು ಮಾತಾಡಬೇಕು ಅನ್ನೋದನ್ನು ಅಲ್ಲೇ ಕಲಿತೆ. ಆ ಪಾಠಗಳಲ್ಲಿ ಸುಳ್ಳಿರಲಿಲ್ಲ, ಸುಳ್ಳು ಇದ್ದದ್ದು ಕೊನೆಗೆ ಕೊಟ್ಟ ಕಾಗದದಲ್ಲಿ.

ಸುಳಿವುಗಳು ಮೊದಲೇ ಸಿಕ್ಕಿದ್ದವು. ಕುಂದಗೋಳದಿಂದ ದಿನಾ ಓಡಾಡುತ್ತಿದ್ದ ಗೆಳತಿಗೆ ವಾಯವ್ಯ ಸಾರಿಗೆಯ ವಿದ್ಯಾರ್ಥಿ ಪಾಸ್ ಸಿಗಲಿಲ್ಲ, ಅರ್ಜಿ ವಾಪಸ್ ಬಂತು. ಎರಡನೇ ವರ್ಷ ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್‌ಗೆ ಅಂತ ನಾವಿಬ್ಬರೂ ಕೇಶ್ವಾಪುರದ ಒಂದು ಸೈಬರ್ ಅಂಗಡಿಗೆ ಹೋದೆವು. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ರಾಜ್ಯ ಆಯ್ಕೆ ಮಾಡಿದ, ಜಿಲ್ಲೆ ಆಯ್ಕೆ ಮಾಡಿದ, ಕಾಲೇಜುಗಳ ಪಟ್ಟಿ ಇಳಿಯಿತು. ನಮ್ಮದು ಇಲ್ಲ. ಅಂಗಡಿಯ ಹುಡುಗ ಮೂರು ಸಲ ಮೇಲೆ ಕೆಳಗೆ ಎಳೆದು ನೋಡಿದ. "ನಿಮ್ದು ಕಾಲೇಜ್ ಹೌದಲ್ರೀ?" ಅಂತ ಕೇಳಿದ, ನಗುತ್ತಲೇ. ನಮಗೆ ಸಿಟ್ಟು ಬಂತು ಅವನ ಮೇಲೆ! ವಾಪಸ್ ಬಂದು ಆಫೀಸಿನಲ್ಲಿ ಕೇಳಿದರೆ, "ನಾವು ಸರಕಾರದ ದುಡ್ಡು ಮುಟ್ಟೋದಿಲ್ಲ, ಅದು ನಮ್ಮ ತತ್ವ" ಅಂದರು. ಎಂಥ ದೊಡ್ಡ ಮಾತು ಅಂತ ನಾವು ತಲೆಯಾಡಿಸಿ ಬಂದೆವು.

2019ರಲ್ಲಿ ಕೋರ್ಸ್ ಮುಗಿಯಿತು. ಘಟಿಕೋತ್ಸವಕ್ಕೆ ಕಪ್ಪು ಗೌನು, ಟೋಪಿ, ಅದಕ್ಕೆ ಬೇರೆ 1,500 ರೂಪಾಯಿ. ಅಪ್ಪ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

ಬಿ.ಎಡ್. ಸರಕಾರಿ ಕೋಟಾಕ್ಕೆ ಅರ್ಜಿ ಹಾಕಿ ದಾಖಲಾತಿ ಪರಿಶೀಲನೆಗೆ ಧಾರವಾಡದ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ, ಹೋದೆ. ಜಿಟಿಜಿಟಿ ಮಳೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ನನ್ನ ಸರದಿ ಬಂದಾಗ ಮೇಜಿನ ಆಚೆ ಕೂತಿದ್ದ ಹಿರಿಯರು ನನ್ನ ಅಂಕಪಟ್ಟಿ ತೆಗೆದುಕೊಂಡರು. ಮುಂದೆ ನೋಡಿದರು, ಹಿಂದೆ ತಿರುಗಿಸಿದರು, ಮತ್ತೆ ಮುಂದೆ. ಬಂಗಾರದ ಬಣ್ಣದ ಮುದ್ರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಮೂಲೆಯ ಹಾಲೋಗ್ರಾಮ್ ಮೇಲೆ ಉಗುರು ಇಟ್ಟು ಮೆಲ್ಲಗೆ ಕೆರೆದರು. ಅರ್ಧ ಎದ್ದು ಬಂತು. ಸ್ಟೇಷನರಿ ಅಂಗಡಿಯಲ್ಲಿ ಹಾಳೆಗಟ್ಟಲೆ ಸಿಗುವ ಹೊಳೆಯುವ ಸ್ಟಿಕ್ಕರ್ ಅದು.

"ಯುನಿವರ್ಸಿಟಿ ಯಾವುದವಾ?"

"ಅದ್ರ ಮ್ಯಾಲೇ ಬರದದಲ್ರಿ ಸರ್."

"ಇದು ಕಾಲೇಜಿನ ಹೆಸರು. ಡಿಗ್ರಿ ಕೊಟ್ಟ ಯುನಿವರ್ಸಿಟಿ ಯಾವುದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷದಲ್ಲಿ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ ಅನ್ನೋದೇ ಈಗ ಯೋಚಿಸಿದರೆ ವಿಚಿತ್ರ. ಅವರು ಬಯ್ಯಲಿಲ್ಲ. ಹಿಂದೆ ನಿಂತವರಿಗೆ ಕೇಳಿಸದ ಹಾಗೆ, "ಇದು ನಡಿಯೂದಿಲ್ಲ ತಂಗಿ, ಮನಿಯಾಗ ದೊಡ್ಡವರನ್ನ ಕರಕೊಂಡು ಆ ಕಾಲೇಜಿಗೆ ಹೋಗಿ ಕೇಳು" ಅಂದರು. ಜುಬಿಲಿ ಸರ್ಕಲ್‌ವರೆಗೆ ಮಳೆಯಲ್ಲಿ ನಡೆದುಕೊಂಡೇ ಬಂದೆ. ಫೈಲು ಮಾತ್ರ ಒಣಗಿತ್ತು.

ಆಮೇಲೆ ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ, ಇಷ್ಟು ಗೊತ್ತಿದ್ದರೆ ಸಾಕಿತ್ತು ನನಗೆ. ಕನ್ನಡದಲ್ಲಿ ನಾವು ಎಲ್ಲದಕ್ಕೂ "ಮಾನ್ಯತೆ" ಅಂತ ಒಂದೇ ಮಾತು ಬಳಸುತ್ತೇವೆ, ಮೋಸ ಮಾಡುವವರು ಆ ಮಾತಿನೊಳಗೇ ಅಡಗಿ ಕೂರುತ್ತಾರೆ. ನಮ್ಮ ದೇಶದಲ್ಲಿ ಡಿಗ್ರಿ ಕೊಡುವ ಹಕ್ಕು ಸಾಮಾನ್ಯ ಕಾಲೇಜಿಗೆ ಇರುವುದೇ ಇಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಕಾಯ್ದೆಯ 22ನೇ ಕಲಮಿನ ಪ್ರಕಾರ ಸಂಸತ್ತೋ ವಿಧಾನಸಭೆಯೋ ಕಾಯ್ದೆ ಮಾಡಿ ಹುಟ್ಟಿಸಿದ ವಿಶ್ವವಿದ್ಯಾಲಯ, ಕೇಂದ್ರ ಸರಕಾರ ವಿಶ್ವವಿದ್ಯಾಲಯಕ್ಕೆ ಸಮ ಅಂತ ಘೋಷಿಸಿದ ಡೀಮ್ಡ್ ವಿಶ್ವವಿದ್ಯಾಲಯ, ಇಲ್ಲವೇ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವು ಮಾತ್ರ ಕೊಡಬಹುದು. ಕಾಲೇಜು ಇಂಥ ಯಾವುದಾದರೂ ಒಂದರ ಜೊತೆ ಸಂಯೋಜನೆ (ಅಫಿಲಿಯೇಶನ್) ಹೊಂದಿರಬೇಕು. ಹುಬ್ಬಳ್ಳಿ, ಧಾರವಾಡ, ಗದಗ ಕಡೆಯ ಬಿ.ಎ., ಬಿ.ಕಾಂ. ಕಾಲೇಜು ಅಂದರೆ ಸಾಮಾನ್ಯವಾಗಿ ಕರ್ನಾಟಕ ವಿಶ್ವವಿದ್ಯಾಲಯ. ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮೇಲೆ ನರ್ಸಿಂಗ್ ಕೌನ್ಸಿಲ್ ಒಪ್ಪಿಗೆ. ಅದೂ ಕಾಲೇಜಿಗೆ ಇದೆ ಅಂದರೆ ಸಾಲದು, ನೀವು ಸೇರುವ ಕೋರ್ಸಿಗೆ, ಆ ವರ್ಷಕ್ಕೆ ಇದೆಯಾ ನೋಡಬೇಕು.

ನ್ಯಾಕ್ ಅನ್ನೋದು ಇದಾದ ಮೇಲಿನ ಮಾತು. 1994ರಲ್ಲಿ ಶುರುವಾದ ಸಂಸ್ಥೆ, ಬೆಂಗಳೂರಿನಲ್ಲೇ ಇದೆ. ಕಾಲೇಜು ಹೇಗೆ ನಡೆಯುತ್ತಿದೆ ಅಂತ ಬಂದು ನೋಡಿ, ಎ ಪ್ಲಸ್ ಪ್ಲಸ್‌ನಿಂದ ಸಿ ವರೆಗೆ ಗ್ರೇಡ್ ಕೊಡುತ್ತಾ ಬಂದಿದೆ, ಡಿ ಬಂದರೆ ಮಾನ್ಯತೆ ಇಲ್ಲ ಅಂತ ಲೆಕ್ಕ. ಗ್ರೇಡ್ ಸಾಮಾನ್ಯವಾಗಿ ಐದು ವರ್ಷಕ್ಕೆ. ಆದ್ದರಿಂದ ಬೋರ್ಡಿನ ಮೇಲಿನ ಎ ಯಾವ ಇಸವಿಯದು ಅಂತಲೂ ಕೇಳಿ. ನ್ಯಾಕ್ ಇಲ್ಲದ ಸಣ್ಣ ಕಾಲೇಜಿನ ಡಿಗ್ರಿಯೂ ನಡೆಯುತ್ತದೆ, ಯಾಕಂದ್ರೆ ಡಿಗ್ರಿ ಯುನಿವರ್ಸಿಟಿಯದು. ಸಂಯೋಜನೆಯೇ ಇಲ್ಲದಿದ್ದರೆ ಮಾತ್ರ ಮುಗಿಯಿತು.

ಇನ್ನು "ಸರಕಾರದಿಂದ ನೋಂದಾಯಿತ". ನಮ್ಮ ಕಾಲೇಜು ನೋಂದಾಯಿತವೇ, ಸುಳ್ಳಲ್ಲ. ಟ್ರಸ್ಟ್ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿತ. ಹಾಗೆ ನೋಡಿದರೆ ನಮ್ಮ ಮನೆಯ ಖರೀದಿ ಪತ್ರವೂ ಅಲ್ಲೇ ನೋಂದಾಯಿತ, ಅಷ್ಟಕ್ಕೆ ಅಮ್ಮ ಬಿ.ಎ. ಡಿಗ್ರಿ ಹಂಚೋಕಾಗತ್ತಾ? ಐಎಸ್‌ಒ ಸರ್ಟಿಫಿಕೇಟ್ ಕೂಡ ಇದೇ ಜಾತಿಯದು. ಅಲ್ಪಸಂಖ್ಯಾತ ಸಂಸ್ಥೆ ಅನ್ನೋ ಪತ್ರವೂ ಅಷ್ಟೇ. ನಡೆಸುವವರು ಯಾರು ಅಂತ ಹೇಳುತ್ತದೆ, ಡಿಗ್ರಿಯ ಬಗ್ಗೆ ಏನೂ ಹೇಳುವುದಿಲ್ಲ.

"ಅಂತಾರಾಷ್ಟ್ರೀಯ ಮಾನ್ಯತೆ" ನನ್ನನ್ನು ಜಾಸ್ತಿ ಸುತ್ತಾಡಿಸಿತು. ಅಮೆರಿಕದ ಯಾವುದೋ ಮಂಡಳಿಯ ಹೆಸರಿತ್ತು. ಅಲ್ಲಿ ಸರಕಾರ ತಾನೇ ಕಾಲೇಜುಗಳಿಗೆ ಮಾನ್ಯತೆ ಕೊಡುವುದಿಲ್ಲ, ಖಾಸಗಿ ಸಂಸ್ಥೆಗಳು ಕೊಡುತ್ತವೆ. ಆ ಸಂಸ್ಥೆಗಳನ್ನು ಅಲ್ಲಿನ ಶಿಕ್ಷಣ ಇಲಾಖೆಯೋ, ಚಿಯಾ ಅನ್ನೋ ಮಂಡಳಿಯೋ ಒಪ್ಪಿರಬೇಕು. ಬೈಬಲ್ ಕಾಲೇಜುಗಳಿಗೆ ಎಟಿಎಸ್, ಎಬಿಎಚ್‌ಇ, ಟ್ರಾಕ್ಸ್ ಅಂತ ಹಾಗೆ ಒಪ್ಪಿಗೆ ಪಡೆದವು ಇವೆ. ನಮ್ಮ ಕಾಲೇಜಿಗೆ ಮಾನ್ಯತೆ ಕೊಟ್ಟಿದ್ದ ಮಂಡಳಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಸಾಕ್ಷಿ ಹೇಳೋಕೆ ಬಂದವನನ್ನೇ ಊರಲ್ಲಿ ಯಾರೂ ಕಂಡಿಲ್ಲ. ಇನ್ನು ಒಂದು ವೇಳೆ ಆ ಮಂಡಳಿ ಅಸಲಿಯೇ ಆಗಿದ್ದರೂ ಹುಬ್ಬಳ್ಳಿಯ ಕಟ್ಟಡದಲ್ಲಿ ಬಿ.ಎ. ಕೊಡುವ ಹಕ್ಕು ಅದರಿಂದ ಬರುತ್ತಿರಲಿಲ್ಲ.

ದೇವಶಾಸ್ತ್ರ ಓದಿ ಸೇವೆಗೆ ಹೋಗಬೇಕು ಅನ್ನುವವರ ದಾರಿ ಬೇರೆ. ಅದನ್ನು ನಮ್ಮ ಸಭಾಪಾಲಕರು ಬಿಡಿಸಿ ಹೇಳಿದರು. ಸೆರಾಂಪುರ ಕಾಲೇಜು 1818ರದು, ವಿಲಿಯಂ ಕೇರಿ ಮತ್ತು ಜೊತೆಗಾರರು ಕಟ್ಟಿದ್ದು. 1827ರಲ್ಲಿ ಡೆನ್ಮಾರ್ಕಿನ ರಾಜ ಅದಕ್ಕೆ ಡಿಗ್ರಿ ಕೊಡುವ ಸನದು ಕೊಟ್ಟ, 1918ರಲ್ಲಿ ಬಂಗಾಳದ ಶಾಸನಸಭೆ ಅದಕ್ಕೆ ಕಾಯ್ದೆಯನ್ನೇ ಮಾಡಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸೆರಾಂಪುರದ ಸೆನೆಟ್‌ಗೆ, ಅಂದರೆ ಅದರ ಡಿಗ್ರಿ ಕೊಡುವ ಮಂಡಳಿಗೆ, ಸೇರಿದವು. ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಷನ್ ಅಂತ 1970ರಿಂದ ಇನ್ನೊಂದು ಇದೆ. ಅದು ನಿಜವಾದ ಸಂಸ್ಥೆ, ಸೆಮಿನರಿಗಳ ಗುಣಮಟ್ಟ ನೋಡುತ್ತದೆ, ಆದರೆ ಅದರ ಮುದ್ರೆ ಸರಕಾರದ ಒಪ್ಪಿಗೆ ಅಲ್ಲ. ಎರಡು ವರ್ಷದ ತರಬೇತಿ, ಸರಕಾರಿ ಡಿಗ್ರಿ ಅಲ್ಲ ಅಂತ ಮೊದಲೇ ಹೇಳಿ ಕಲಿಸುವ ಸಣ್ಣ ಬೈಬಲ್ ಶಾಲೆಗಳೂ ನಮ್ಮ ಕಡೆ ಇವೆ. ಅವರ ಬಗ್ಗೆ ನನಗೆ ತಕರಾರಿಲ್ಲ.

ಕಾಲೇಜಿಗೆ ಅಪ್ಪ, ನಾನು, ಸಭಾಪಾಲಕರು ಮೂವರೂ ಹೋದೆವು. ಪ್ರಿನ್ಸಿಪಾಲರು ಚಹಾ ತರಿಸಿದರು. "ನಾವು ದೇವರ ಕೆಲಸಕ್ಕೆ ತಯಾರು ಮಾಡೋರು, ಸರಕಾರಿ ನೌಕರಿಗೆ ಅಲ್ಲ, ಬಿ.ಎಡ್. ಅಂತ ನಾವು ಹೇಳೇ ಇಲ್ಲ" ಅಂದರು. ಹಳೆಯ ಬ್ರೋಷರ್ ಎಲ್ಲೋ ಹೋಗಿರುತ್ತದೆ ಅಂತ ಅವರ ಲೆಕ್ಕ. ಅಮ್ಮ ಅದನ್ನು ಅಡುಗೆಮನೆಯ ಮಾಡದಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದಳು. ಅರಿಶಿನದ ಕಲೆ ಬಿದ್ದಿತ್ತು, ಆದರೂ ಆ ಸಾಲು ಓದಲು ಬರುತ್ತಿತ್ತು. ಅಪ್ಪ ಅದನ್ನು ಮೇಜಿನ ಮೇಲೆ ಬಿಚ್ಚಿಟ್ಟ, ಏನೂ ಮಾತಾಡಲಿಲ್ಲ. ಪ್ರಿನ್ಸಿಪಾಲರು ಓದಿ, "ಬರ್‍ರಿ, ಪ್ರಾರ್ಥನೆ ಮಾಡೋಣ" ಅಂದರು. ನಮ್ಮ ಸಭಾಪಾಲಕರು ಎದ್ದು ನಿಂತು, "ಪ್ರಾರ್ಥನೆ ನಾವು ಮನ್ಯಾಗ ಮಾಡ್ತೀವಿ, ನೀವು ಲೆಕ್ಕಾ ಮಾಡ್ರಿ" ಅಂದರು. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಏಳು ತಿಂಗಳು ಓಡಾಡಿದ ಮೇಲೆ 30 ಸಾವಿರ ಬಂತು. ಕೊಟ್ಟದ್ದು 1 ಲಕ್ಷ 14 ಸಾವಿರ, ಗೌನು ಬಿಟ್ಟು. ವಕೀಲರೊಬ್ಬರು ಯುಜಿಸಿ ಕಾಯ್ದೆ ತೆಗೆದು ತೋರಿಸಿದರು. 22ನೇ ಕಲಮು ಮುರಿದರೆ ಅದರಲ್ಲಿ ಬರೆದ ಶಿಕ್ಷೆ ಹೆಚ್ಚೆಂದರೆ 1,000 ರೂಪಾಯಿ ದಂಡ. ನನ್ನ ಗೌನಿನ ದುಡ್ಡಿಗಿಂತ ಕಡಿಮೆ. ವಂಚನೆ ಕೇಸು ಬೇರೆ ಹಾಕಬಹುದಿತ್ತು. ಅಪ್ಪ ಕೋರ್ಟು ಬೇಡ ಅಂದ.

2019ರಲ್ಲೇ ಧಾರವಾಡದಲ್ಲಿ ಮತ್ತೆ ಬಿ.ಎ. ಮೊದಲ ವರ್ಷಕ್ಕೆ ಸೇರಿದೆ, ನನಗಿಂತ ಮೂರು ವರ್ಷ ಚಿಕ್ಕವರ ಜೊತೆ. ನಡುವೆ ಕೊರೊನಾ. ಆಮೇಲೆ ಎರಡು ವರ್ಷ ಬಿ.ಎಡ್. ಈಗ ಗದಗಿನ ಹತ್ತಿರ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ.

ಈಗಾಗಲೇ ಇಂಥ ಕಡೆ ಸೇರಿದ್ದೀರಾ? ಜಗಳ ಶುರು ಮಾಡುವ ಮೊದಲು ನಿಮ್ಮ ಮೂಲ ಅಂಕಪಟ್ಟಿ, ಟಿಸಿ ವಾಪಸ್ ತೆಗೆದುಕೊಳ್ಳಿ. "ಬ್ಯಾಂಕ್ ಸಾಲಕ್ಕೆ ಬೇಕು" ಅಂತ ಏನಾದರೂ ಹೇಳಿ. ನನ್ನ ಗೆಳತಿ ಮೊದಲು ಜಗಳ ಮಾಡಿದಳು, ಅವಳ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೈಗೆ ಬರಲು ಒಂದು ವರ್ಷ ಆಯಿತು. ಮೂಲ ಪ್ರಮಾಣಪತ್ರ ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ, ಆದರೆ ಯುಜಿಸಿಯ ಲೆಕ್ಕದಲ್ಲೇ ಇಲ್ಲದ ಕಾಲೇಜಿಗೆ ಆ ಮಾತು ಎಲ್ಲಿ ತಟ್ಟುತ್ತದೆ?

ಸೇರುವವರು ಯುಜಿಸಿ ವೆಬ್‌ಸೈಟಿನಲ್ಲಿ ವಿಶ್ವವಿದ್ಯಾಲಯಗಳ ಪಟ್ಟಿ ನೋಡಿ, ಅಲ್ಲೇ ನಕಲಿಗಳ ಪಟ್ಟಿಯೂ ಇದೆ. ಆಂಧ್ರದ ಕಡೆಯ, ಹೆಸರಲ್ಲೇ ಕ್ರೈಸ್ಟ್, ಬೈಬಲ್ ಅಂತ ಇಟ್ಟುಕೊಂಡವು ಕೂಡ ಆ ಪಟ್ಟಿಯಲ್ಲಿ ಬಂದಿವೆ. ಕಾಲೇಜಿನ ಐಶೆ ಕೋಡ್ ಕೇಳಿ, ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಕಾಲೇಜಿಗೆ ಕೊಡುವ ನಂಬರ್ ಅದು. ಕಾಲೇಜು ಹೇಳಿದ್ದನ್ನು ಕಾಲೇಜಿನ ಬ್ರೋಷರ್‌ನಲ್ಲೇ ಪರೀಕ್ಷಿಸಬೇಡಿ, ವಿಶ್ವವಿದ್ಯಾಲಯದ ಪಟ್ಟಿಯಲ್ಲಿ ಹುಡುಕಿ, ಇಲ್ಲವೇ ಧಾರವಾಡದ ಪಾವಟೆ ನಗರಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಆಫೀಸಿನಲ್ಲೇ ಕೇಳಿ. ಬಸ್ ಚಾರ್ಜ್ ಎಷ್ಟಾಗತ್ತೆ, ಹೇಳಿ.

ಭಾನುವಾರ ಆ ಹುಡುಗಿಗೆ ನನ್ನ ಫೋಟೋ ತೋರಿಸಿದೆ. ಅವಳು ನಂಬಲಿಲ್ಲ, ಫೋಟೋವನ್ನೂ ನನ್ನನ್ನೂ ಎರಡು ಸಲ ನೋಡಿದಳು. ಆಮೇಲೆ ಅಲ್ಲೇ ಕಾಂಪೌಂಡ್ ಕಟ್ಟೆಯ ಮೇಲೆ ಕೂತು, ಬ್ರೋಷರ್‌ನಲ್ಲಿದ್ದ ನಂಬರಿಗೆ ವಾಟ್ಸ್ಯಾಪ್‌ನಲ್ಲಿ ಒಂದೇ ಸಾಲು ಕಳಿಸಿದಳು: "ಸರ್, ಡಿಗ್ರಿ ಕೊಡೋ ಯುನಿವರ್ಸಿಟಿ ಹೆಸರೇನು?" ಅರ್ಧ ಗಂಟೆಗೆ ಎರಡು ನೀಲಿ ಟಿಕ್ ಬಿದ್ದವು. ಇವತ್ತು ಶನಿವಾರ.