ಸಿಬಿಲ್‌ನ ಉಚಿತ ವರದಿ: ಸ್ಕೋರ್ ನೋಡಿ ಮುಚ್ಚಿಡಬೇಡಿ

ನಮ್ಮ ಸಾಲ, ಕಾರ್ಡುಗಳ ಲೆಕ್ಕ ಇಟ್ಟು ಅದಕ್ಕೊಂದು ಸ್ಕೋರ್ ಕೊಡುವ ಕಂಪನಿ ಟ್ರಾನ್ಸ್‌ಯೂನಿಯನ್ ಸಿಬಿಲ್ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡುತ್ತದೆ. ಪ್ಯಾನ್ ನಂಬರ್, ಮೊಬೈಲಿಗೆ ಬರುವ ಒಟಿಪಿ ಇದ್ದರೆ ಸಾಕು. ಸಾಗರದ ನನ್ನ ಹೊಲಿಗೆ ಅಂಗಡಿಯಲ್ಲಿ ಕೂತೇ ತೆಗೆದೆ. ಹಣ ಕಟ್ಟುವ ಪ್ಲಾನೂ ಅಲ್ಲೇ ಇದೆ, ನನಗಂತೂ ಬೇಕಾಗಲಿಲ್ಲ.

ಸಾಲದ ಖಾತೆ ಜಾಸ್ತಿ ಇದ್ದರೆ ಸ್ಕೋರ್ ಬೀಳುತ್ತೆ ಅಂತ ಅಂಗಡಿಗೆ ಬರುವವರೆಲ್ಲ ಹೇಳುತ್ತಾರೆ. ನನ್ನ ವರದಿಯಲ್ಲಂತೂ ಖಾತೆಗಳ ಸಾಲೇ ಇತ್ತು. ನಮ್ಮ ಕಡೆ ಅಡಿಕೆ ಕೊನೆ ತೆಗೆಸುವಾಗ ಕೂಲಿಗೆ ದುಡ್ಡು ಬೇಕು, ಸರ ಅಡ ಇಡುತ್ತೇವೆ. ಮಂಡಿ ದುಡ್ಡು ಬಂದ ಮೇಲೆ ಬಿಡಿಸುತ್ತೇವೆ. ಹಾಗೆ ಇಟ್ಟಾಗಲೆಲ್ಲ ವರದಿಯಲ್ಲೊಂದು ಹೊಸ ಖಾತೆ! ಆದರೂ ಸ್ಕೋರ್ 750ರ ಮೇಲೇ ಇತ್ತು. ಒಟ್ಟು ಅಳತೆ 300ರಿಂದ 900.

ಕಾರಣ ಒಳಗಿನ ಪುಟದಲ್ಲಿದೆ. ಪ್ರತಿ ಖಾತೆಯ ಕೆಳಗೆ ತಿಂಗಳಿಗೊಂದು ಮನೆ. ಹೊತ್ತಿಗೆ ಸರಿಯಾಗಿ ಕಟ್ಟಿದ್ದರೆ 000, ತಡವಾದರೆ ಎಷ್ಟು ದಿನ ತಡ ಅನ್ನೋ ಅಂಕಿ. ಹೆಚ್ಚು ತೂಕ ಇದಕ್ಕೇ. ತೀರಿಸಿ ಮುಚ್ಚಿದ ಖಾತೆ ಹತ್ತಿದ್ದರೂ ಕೆಡುಕಿಲ್ಲ, ತಡ ಮಾಡಿದ್ದು ಒಂದಿದ್ದರೂ ಕಷ್ಟ. ಕ್ರೆಡಿಟ್ ಕಾರ್ಡಿನದ್ದು ಬೇರೆ ಕಥೆ: 50,000 ಮಿತಿಯಲ್ಲಿ 45,000 ಬಳಸಿ ಕೂತರೆ ಕಾರ್ಡ್ ಒಂದೇ ಆದರೂ ಪೆಟ್ಟು. ಖಾತೆ ಕಡಿಮೆ ಮಾಡೋಣ ಅಂತ ಹಳೇ ಕಾರ್ಡನ್ನು ಸುಮ್ನೆ ಮುಚ್ಚಿದರೆ ಒಟ್ಟು ಮಿತಿಯೂ ಇಳಿಯುತ್ತದೆ, ಅಷ್ಟೇ ಖರ್ಚು ಮಿತಿಯ ದೊಡ್ಡ ಪಾಲಾಗಿ ಕಾಣುತ್ತದೆ.

ಕೊನೆಯ ಪುಟಗಳನ್ನೂ ನೋಡಿ. ಸಾಲಕ್ಕೆ ಅರ್ಜಿ ಹಾಕಿದಾಗ ಯಾವ ಬ್ಯಾಂಕ್ ನಿಮ್ಮ ವರದಿ ತೆಗೆಸಿತು ಅಂತ ಅಲ್ಲಿರುತ್ತದೆ. ಒಂದೇ ತಿಂಗಳಲ್ಲಿ ನಾಲ್ಕೈದು ಕಡೆ ಅರ್ಜಿ ಹಾಕಿದವರಿಗೆ ಏಟು ಬೀಳೋದು ಇಲ್ಲೇ. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯೋದಿಲ್ಲ.

ನನ್ನ ವರದಿಯಲ್ಲಿ ಒಂದು ತಪ್ಪಿತ್ತು. ಸ್ಕೂಟಿ ಸಾಲ ತೀರಿಸಿ ಬಾಕಿ ಇಲ್ಲ ಅನ್ನೋ ಪತ್ರ (ಎನ್‌ಒಸಿ) ತಂದಿದ್ದೆ, ಫೈನಾನ್ಸಿನವರು ಅದನ್ನು ಚಾಲ್ತಿಯಲ್ಲೇ ತೋರಿಸಿದ್ದರು. ಆನ್‌ಲೈನಿನಲ್ಲೇ ದೂರು ಕೊಟ್ಟೆ, ಸರಿಯಾಯಿತು. 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಐದಕ್ಕೆ ನಾಲ್ಕು ಸ್ಟಾರ್. ನನಗೆ ಬಂದದ್ದು ಪೂರ್ತಿ ಇಂಗ್ಲಿಷಿನಲ್ಲಿತ್ತು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓದಿದ್ದು. ಇಂಥದ್ದೇ ಬೇರೆ ಕಂಪನಿಗಳಾದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್‌ನವರೂ ವರ್ಷಕ್ಕೊಂದು ಪುಕ್ಕಟೆ ಕೊಡಬೇಕು. ಸಂಘದ ಸಾಲ ಇರುವವರು ಕ್ರಿಫ್‌ನದ್ದನ್ನೂ ತೆಗೆದು ನೋಡಿ.