ಗೇಟ್ ತೆಗೆಯಲು ಇಳಿದಾಗ ಕಾರು ನಿಂತಿರುತ್ತದಾ? ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್, ಆಟೋ ಹೋಲ್ಡ್ ಜೊತೆ 18 ತಿಂಗಳು

ಕಾರು ತಗೊಳ್ಳುವಾಗ ಮನೆಯವರೆಲ್ಲ ಸನ್‌ರೂಫ್ ನೋಡಿದರು, ನಾನು ಹ್ಯಾಂಡ್‌ಬ್ರೇಕ್ ನೋಡಿದೆ. ಕಾರಣ ನಮ್ಮ ಮನೆಯ ಗೇಟ್. ನಮ್ಮ ಮನೆ ಕೊಪ್ಪದಿಂದ ಸ್ವಲ್ಪ ಒಳಗೆ. ಟಾರು ರಸ್ತೆ ಬಿಟ್ಟು ತಿರುಗಿದರೆ ನೂರು ಮೀಟರ್ ಏರು, ಆ ಏರಿನ ನಟ್ಟನಡುವೆ ಗೇಟ್. ಮೊದಲು ಅಡ್ಡಗಳು ಸರಿಸುವ ಉಣುಗೋಲು ಇತ್ತು, ದನ ನುಗ್ಗುತ್ತವೆ ಅಂತ ಕಬ್ಬಿಣದ ಗೇಟ್ ಹಾಕಿಸಿದೆವು. ಎಡಗಡೆ ದರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಬಲಗಡೆ ಹತ್ತಡಿ ಕೆಳಗೆ ಅಡಿಕೆ ತೋಟ. ಒಬ್ಬರೇ ಬಂದರೆ ಏರಿನಲ್ಲೇ ಕಾರು ನಿಲ್ಲಿಸಬೇಕು, ಇಳಿಯಬೇಕು, ಗೇಟ್ ತೆಗೆಯಬೇಕು, ಮತ್ತೆ ಹತ್ತಬೇಕು. ಮಳೆಗಾಲದಲ್ಲಿ ಕೈಯಲ್ಲಿ ಕೊಡೆ ಬೇರೆ.

ಹಳೆಯ ಕಾರಿನಲ್ಲಿ ಒಂದು ಸಲ ಅನುಭವ ಆಗಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಸವೆದಿತ್ತು, ನಾನು ಗೇರಿಗೆ ಹಾಕದೆ ನ್ಯೂಟ್ರಲ್‌ನಲ್ಲೇ ಬಿಟ್ಟು ಇಳಿದಿದ್ದೆ. ಕಾರು ಸುಮ್ನೆ ಹಿಂದಕ್ಕೆ ಹೊರಟಿತು, ಸದ್ದಿಲ್ಲ ಗದ್ದಲವಿಲ್ಲ. ಪುಣ್ಯಕ್ಕೆ ಹಿಂದಿನ ಗಾಲಿ ದರೆ ಬದಿಯ ಚರಂಡಿಗೆ ಇಳಿದು ನಿಂತಿತು. ತಪ್ಪು ಪೂರ್ತಿ ನನ್ನದೇ. ಆದರೆ ಅವತ್ತಿನಿಂದ ಅಪ್ಪಯ್ಯನ ಬಾಯಲ್ಲಿ ಒಂದೇ ಮಾತು, "ಗಾಲಿಗೆ ಕಲ್ಲು ಕೊಟ್ಯಾ?"

ಹಾಗಾಗಿ ಈ ಕಾರು. ಪೆಟ್ರೋಲ್, ಸಿವಿಟಿ ಅನ್ನುವ ಥರದ ಆಟೋಮ್ಯಾಟಿಕ್ ಗೇರ್, ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್, ಆಟೋ ಹೋಲ್ಡ್, ಹಿಲ್ ಹೋಲ್ಡ್ ಎಲ್ಲ ಇದೆ. ಕಂಪನಿ ಹೆಸರು ಬರೆಯುವುದಿಲ್ಲ. ಕೆಳಗೆ ಬೈಯುವುದೂ ಇದೆ, ಮತ್ತು ಈ ವ್ಯವಸ್ಥೆ ಈಗ ಹಲವು ಕಂಪನಿಗಳ ಕಾರಿನಲ್ಲಿ ಹೆಚ್ಚೂಕಡಿಮೆ ಒಂದೇ ಥರ ಇದೆ.

ಶೋರೂಮಿನ ಹುಡುಗ "ಎಲ್ಲ ಆಟೋಮ್ಯಾಟಿಕ್ ಸರ್, ನೀವೇನೂ ಮಾಡೋದು ಬೇಡ" ಅಂದಿದ್ದ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಾರು ಹಿಡಿದು ನಿಲ್ಲಿಸುವ ವಿಷಯದಲ್ಲಿ ಇಲ್ಲಿ ನಾಲ್ಕು ಬೇರೆ ಬೇರೆ ಕೈಗಳಿವೆ, ಯಾವ ಹೊತ್ತಿಗೆ ಯಾವ ಕೈ ಹಿಡಿದಿದೆ ಅಂತ ಗೊತ್ತಿಲ್ಲದಿದ್ದರೆ ಕಷ್ಟ.

ಹಿಲ್ ಹೋಲ್ಡ್ ಅಂದರೆ ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಹಾಕುವಷ್ಟು ಹೊತ್ತು ಮಾತ್ರ, ಎರಡೋ ಮೂರೋ ಸೆಕೆಂಡ್. ಅದನ್ನು ನಂಬಿ ಇಳಿಯುವ ಹಾಗಿಲ್ಲ. ಆಟೋ ಹೋಲ್ಡ್ ಅಂದರೆ ನೀವು ಬ್ರೇಕ್ ತುಳಿದು ಪೂರ್ತಿ ನಿಂತಮೇಲೆ ಆ ಬ್ರೇಕ್ ಎಣ್ಣೆಯ ಒತ್ತಡವನ್ನು ಕಾರೇ ಹಿಡಿದಿಟ್ಟುಕೊಳ್ಳುವುದು, ನಾಲ್ಕೂ ಗಾಲಿಗೆ. ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕ್ ಬೇರೆಯದೇ. ಹಿಂದಿನ ಎರಡು ಗಾಲಿಯಲ್ಲಿ ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಮೇಲೆ ಒಂದೊಂದು ಪುಟ್ಟ ಮೋಟರ್ ಇರುತ್ತದೆ, ಅದು ಸ್ಕ್ರೂ ತಿರುಗಿಸಿ ಪ್ಯಾಡನ್ನು ಡಿಸ್ಕ್‌ಗೆ ಒತ್ತಿ ಬಿಡುತ್ತದೆ. ಆಮೇಲೆ ಅದಕ್ಕೆ ಕರೆಂಟೂ ಬೇಡ, ಎಣ್ಣೆಯೂ ಬೇಡ. ಸ್ವಿಚ್ ಎಳೆದಾಗ ಹಿಂದಿನಿಂದ ಗುಂಯ್ ಅಂತ ಸದ್ದು ಬರುತ್ತದಲ್ಲ, ಅದೇ. ನಾಲ್ಕನೆಯದು ಗೇರ್‌ಬಾಕ್ಸ್ ಒಳಗಿನ ಪಿ, ಅಂದರೆ ಪಾರ್ಕ್. ಅದು ಬ್ರೇಕೇ ಅಲ್ಲ, ಹಲ್ಲುಚಕ್ರದ ಸಂದಿಗೆ ಕೂರುವ ಒಂದು ಚಿಕ್ಕ ಕಬ್ಬಿಣದ ಕೊಕ್ಕೆ.

ಏರಿನಲ್ಲಿ ಬರೀ ಪಿಗೆ ಹಾಕಿ ಕಾಲು ತೆಗೆದರೆ ಕಾರು ನಾಲ್ಕು ಬೆರಳು ಹಿಂದೆ ಸರಿದು, ಅಷ್ಟೂ ಭಾರ ಆ ಕೊಕ್ಕೆ ಮೇಲೆ ಬೀಳುತ್ತದೆ. ಮತ್ತೆ ಲಿವರ್ ಎಳೆಯುವಾಗ ಕಡಕ್ ಅನ್ನುವುದು ಅದಕ್ಕೇ. ಬ್ರೇಕ್ ತುಳಿದುಕೊಂಡೇ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಕಾಲು ಸಡಿಲ ಬಿಟ್ಟು ಕಾರು ಹ್ಯಾಂಡ್‌ಬ್ರೇಕ್ ಮೇಲೆ ಕೂತಮೇಲೆ ಪಿಗೆ ಹಾಕಿ. ಮೊದಲ ತಿಂಗಳು ನಾನು ಹೀಗೆ ಮಾಡದೆ ದಿನಾ ಕಡಕ್ ಕೇಳಿಸಿಕೊಂಡಿದ್ದೇನೆ.

ಈಗ ಹೊಗಳಿಕೆ. ಆಟೋ ಹೋಲ್ಡ್ ಒತ್ತಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಬಿಳಿ ದೀಪ ಬರುತ್ತದೆ. ಗೇಟ್ ಮುಂದೆ ನಿಲ್ಲಿಸಿದ ಕೂಡಲೇ ಅದು ಹಸಿರಾಗುತ್ತದೆ, ಕಾಲು ತೆಗೆದರೂ ಕಾರು ಒಂದಿಂಚು ಅಲ್ಲಾಡುವುದಿಲ್ಲ. ಬಾಗಿಲು ತೆಗೆದರೆ ಗುಂಯ್, ಹಸಿರು ಹೋಗಿ ಕೆಂಪು ದೀಪ. ಅಂದರೆ ಎಣ್ಣೆ ಒತ್ತಡದಿಂದ ಮೋಟರ್ ಬ್ರೇಕಿಗೆ ತಾನೇ ಬದಲಾಯಿಸಿಕೊಂಡಿದೆ. ಗೇಟ್ ತೆಗೆದು ಬಂದು, ಬಾಗಿಲು ಹಾಕಿ, ಬೆಲ್ಟ್ ಹಾಕಿ, ಆಕ್ಸಿಲರೇಟರ್ ಮುಟ್ಟಿದರೆ ಬ್ರೇಕ್ ತಾನೇ ಬಿಡುತ್ತದೆ. ನೂರಾರು ಸಲ ಮಾಡಿದ್ದೇನೆ, ಒಂದು ಸಲವೂ ತಪ್ಪಿಲ್ಲ. ಆಗುಂಬೆ ಘಾಟಿಯಲ್ಲಿ ತಿರುವಿನ ಮೇಲೆ ಬಸ್ಸಿಗೆ ಜಾಗ ಬಿಟ್ಟು ನಿಲ್ಲುವಾಗಲೂ ಇದು ಕಾಲಿಗೆ ದೊಡ್ಡ ಉಪಕಾರ.

ಎಡವಟ್ಟು ಆಗಿದ್ದು ಕಳೆದ ಆಗಸ್ಟ್‌ನಲ್ಲಿ. ನಮ್ಮ ಕೊಪ್ಪದ ಕಡೆಯ ಜಯಪುರದಲ್ಲಿ ತರಕಾರಿಗೆ ಅಂತ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿಕೊಂಡು ಬಂದೆ. ನನ್ನ ಕಾರಿನಲ್ಲಿ ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆಟೋ ಹೋಲ್ಡ್ ಗುಂಡಿ ಹೊಸದಾಗಿ ಒತ್ತಬೇಕು. ಒತ್ತಿರಲಿಲ್ಲ. ಮಳೆ ಧೋ ಅಂತ ಸುರಿಯುತ್ತಿತ್ತು. ಗೇಟ್ ಮುಂದೆ ಬ್ರೇಕ್ ತುಳಿದೆ, ಕಾಲು ತೆಗೆದೆ, ಕಾರು ನಿಂತೇ ಇತ್ತು. ಸರಿ, ಹಿಡಿದಿದೆ ಅಂದುಕೊಂಡು ಇಳಿದೆ. ಹಿಡಿದಿರಲಿಲ್ಲ. ಲಿವರ್ ಡಿಯಲ್ಲಿ, ಅಂದರೆ ಮುಂದಕ್ಕೆ ಓಡಿಸುವ ಡ್ರೈವ್‌ನಲ್ಲಿತ್ತು, ಆಟೋಮ್ಯಾಟಿಕ್ ಕಾರು ಐಡಲ್‌ನಲ್ಲೂ ಮೆಲ್ಲಗೆ ಮುಂದಕ್ಕೆ ತೆವಳುತ್ತದಲ್ಲ, ಆ ಎಳೆತವೂ ಏರಿನ ಜಾರಿಕೆಯೂ ಸಮಸಮ ಆಗಿ ಕಾರು ತಕ್ಕಡಿಯ ಹಾಗೆ ನಿಂತಿತ್ತು ಅಷ್ಟೇ. ಬೀಪ್ ಬೀಪ್ ಅಂತ ಕೂಗಿತು ನಿಜ, ಆದರೆ ಈ ಕಾರು ಬಾಗಿಲು ತೆಗೆದರೆ ಯಾವಾಗಲೂ ಕೂಗುತ್ತದೆ. ನಾನು ಅಗುಳಿಗೆ ಕೈ ಹಾಕಿದ್ದೆ. ಏಸಿ ಕಂಪ್ರೆಸರ್ ಕಟ್ ಆಯಿತೋ ಏನೋ, ಎಂಜಿನ್ ಸದ್ದು ಒಂದು ಚೂರು ಇಳಿಯಿತು. ತಿರುಗಿ ನೋಡಿದರೆ ಹೆಡ್‌ಲೈಟ್ ನನ್ನಿಂದ ದೂರ ಹೋಗುತ್ತಿದೆ.

ಪಕ್ಕದ ಸೀಟಿನಲ್ಲಿ ಹೆಂಡತಿ ಇದ್ದಳು. ಕೈ ಚಾಚಿ ಹ್ಯಾಂಡ್‌ಬ್ರೇಕ್ ಸ್ವಿಚ್ ಎಳೆದು ಹಿಡಿದಳು, ಕಾರು ಕುಕ್ಕರಿಸಿ ನಿಂತಿತು. ಹೋಗಿದ್ದು ಐದಾರು ಅಡಿ. "ನೀವು ಗೇಟ್ ತೆಗೀರಿ, ಕಾರು ನಾನು ನೋಡ್ಕೋತೀನಿ" ಅಂದಳು, ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಸ್ವಿಚ್ ಇಬ್ಬರ ನಡುವೆ ಇದ್ದಿದ್ದು ಬಚಾವ್. ಕೆಲವು ಕಾರುಗಳಲ್ಲಿ ಅದು ಸ್ಟೀರಿಂಗ್‌ನ ಆಚೆ ಬದಿ ಇರುತ್ತದೆ, ಪಕ್ಕದವರಿಗೆ ಕೈಗೆಟುಕುವುದಿಲ್ಲ.

ಹಳೆಯ ಕೇಬಲ್ ಹ್ಯಾಂಡ್‌ಬ್ರೇಕ್ ಆಗಿದ್ದರೆ ನಾನು ಯೋಚನೆಯೇ ಇಲ್ಲದೆ ಎಳೆದೇ ಇಳಿಯುತ್ತಿದ್ದೆ. ತಾನೇ ಮಾಡುತ್ತದೆ ಅಂತ ಒಂದು ವರ್ಷ ಅಭ್ಯಾಸ ಮಾಡಿಸಿದ ಕಾರು, ಒಂದು ದಿನ ಮಾಡಲಿಲ್ಲ. ನನ್ನ ಸಿಟ್ಟು ಇಲ್ಲಿ. ಡ್ರೈವರ್ ಬೆಲ್ಟ್ ಬಿಚ್ಚಿದ್ದಾನೆ, ಬಾಗಿಲು ತೆಗೆದಿದ್ದಾನೆ, ಗೇರ್ ಡಿಯಲ್ಲಿದೆ, ಇಷ್ಟೂ ಕಾರಿಗೆ ಗೊತ್ತು. ಮೋಟರ್ ಇದೆ, ಬ್ರೇಕ್ ಇದೆ. ಆದರೂ ಗುಂಡಿ ಒತ್ತಿಲ್ಲ ಅಂತ ಬರೀ ಬೀಪ್ ಹೊಡೆಯುತ್ತದೆ. ಸರ್ವಿಸ್ ಸೆಂಟರ್‌ನಲ್ಲಿ ಕೇಳಿದರೆ "ಪುಸ್ತಕದಲ್ಲಿ ಬರೆದಿದೆ ಸರ್" ಅಂದರು. ಬರೆದಿದೆ, ಹೌದು.

ಇದು ನನ್ನೊಬ್ಬನ ತಕರಾರಲ್ಲ. 2016ರ ಜೂನ್‌ನಲ್ಲಿ ಹಾಲಿವುಡ್ ನಟ ಆಂಟನ್ ಯೆಲ್ಚಿನ್ ಲಾಸ್ ಏಂಜಲೀಸ್‌ನ ತನ್ನ ಮನೆಯ ಇಳಿಜಾರಿನಲ್ಲಿ, ತನ್ನದೇ ಜೀಪ್ ಗ್ರ್ಯಾಂಡ್ ಚೆರೋಕಿ ಉರುಳಿ ಬಂದು, ಗೇಟಿನ ಕಂಬಕ್ಕೂ ಕಾರಿಗೂ ನಡುವೆ ಸಿಕ್ಕಿ ತೀರಿಕೊಂಡ. ವಯಸ್ಸು 27. ಆ ಮಾದರಿಯ ಗೇರ್ ಲಿವರ್ ಪ್ರತಿ ಸಲವೂ ನಡುವಿಗೇ ವಾಪಸ್ ಬರುತ್ತಿತ್ತು, ಪಿ ಬಿದ್ದಿದೆಯೋ ಇಲ್ಲವೋ ಕೈಗೆ ತಿಳಿಯುತ್ತಿರಲಿಲ್ಲ. ಕಂಪನಿ ಅದೇ ವರ್ಷ ಏಪ್ರಿಲ್‌ನಲ್ಲೇ ಆ ಲಿವರ್ ಇದ್ದ 11 ಲಕ್ಷ ವಾಹನಗಳನ್ನು ರಿಪೇರಿಗೆ ವಾಪಸ್ ಕರೆದಿತ್ತು. ರಿಪೇರಿ ಏನು ಗೊತ್ತಾ? ಸಾಫ್ಟ್‌ವೇರ್. ಡ್ರೈವರ್ ಬಾಗಿಲು ತೆಗೆದರೆ ಕಾರು ತಾನೇ ಪಿಗೆ ಹೋಗುವ ಹಾಗೆ ಮಾಡಿದರು. ಲಿವರ್ ಬದಲು ಗುಂಡಿ, ಡಯಲ್ ಇರುವ ಹಲವು ಹೊಸ ಕಾರುಗಳಲ್ಲಿ ಇಂಥದ್ದು ಈಗ ಬರುತ್ತಿದೆ. ನನ್ನದರಲ್ಲಿ ಲಿವರ್ ಇನ್ನೂ ಕೇಬಲ್ಲಿನದು, ಪಿಗೆ ತಾನೇ ಹೋಗಲಾರದು, ಒಪ್ಪಿದೆ. ಆದರೆ ಹ್ಯಾಂಡ್‌ಬ್ರೇಕ್ ಹಾಕಬಹುದಿತ್ತಲ್ವಾ?

ಬರೀ ಬೀಪ್ ಹೊಡೆದು ಕೈ ತೊಳೆದುಕೊಳ್ಳುವುದು ಹೊಸದೇನಲ್ಲ. ಅಮೆರಿಕದಲ್ಲಿ 1970ರ ದಶಕದ ಫೋರ್ಡ್ ಕಾರುಗಳು ಪಿಯಿಂದ ರಿವರ್ಸ್‌ಗೆ ಜಾರುತ್ತವೆ ಅಂತ ದೊಡ್ಡ ಗಲಾಟೆ ಆದಾಗ, 1980ರಲ್ಲಿ ಸರ್ಕಾರದ ಜೊತೆ ಒಪ್ಪಂದ ಆಗಿ, 2 ಕೋಟಿಗೂ ಹೆಚ್ಚು ಮಾಲೀಕರಿಗೆ ಕಂಪನಿ ಕಳಿಸಿದ್ದು ಡ್ಯಾಶ್‌ಬೋರ್ಡಿಗೆ ಅಂಟಿಸುವ ಎಚ್ಚರಿಕೆ ಸ್ಟಿಕ್ಕರ್.

ಸಣ್ಣಪುಟ್ಟ ಕಿರಿಕಿರಿಗಳೂ ಇವೆ. ಅಂಗಳದಲ್ಲಿ ಅಡಿಕೆ ಹರವಲು ಕಾರನ್ನು ಎರಡಡಿ ಸರಿಸಬೇಕು ಅಂದರೆ ಬೆಲ್ಟ್ ಹಾಕದೆ ಬ್ರೇಕ್ ತಾನೇ ಬಿಡುವುದಿಲ್ಲ, ಕಾಲಲ್ಲಿ ಬ್ರೇಕ್ ತುಳಿದು ಸ್ವಿಚ್ ಕೆಳಗೆ ಒತ್ತಬೇಕು. ಪ್ಯಾಡ್ ಬದಲಿಸಲು ನಮ್ಮ ಪೇಟೆಯ ಮೆಕ್ಯಾನಿಕ್ ಹತ್ತಿರ ಹೋದರೆ, ಮೋಟರನ್ನು ಸರ್ವಿಸ್ ಮೋಡ್‌ಗೆ ಹಾಕುವ ಯಂತ್ರ ತನ್ನ ಹತ್ತಿರ ಇಲ್ಲ ಅಂತ ವಾಪಸ್ ಕಳಿಸಿದ. ಎಲ್ಲಕ್ಕಿಂತ ಜಾಸ್ತಿ ತಲೆಬಿಸಿ ಆಗಿದ್ದು ಬ್ಯಾಟರಿ ಇಳಿದಾಗ. ಒಳಗಿನ ದೀಪ ಆರಿಸದೆ ಹನ್ನೆರಡು ದಿನ ಕೊಟ್ಟಿಗೆ ಪಕ್ಕ ನಿಲ್ಲಿಸಿ ಹೋಗಿದ್ದೆವು. ಬ್ಯಾಟರಿ ಇಲ್ಲದಿದ್ದರೂ ಬ್ರೇಕ್ ಹಿಡಿದೇ ಇರುತ್ತದೆ, ಅದು ಒಳ್ಳೆಯದೇ, ಆದರೆ ಬಿಡಿಸಲೂ ಆಗುವುದಿಲ್ಲ. ತಳ್ಳಲು ಬಂದ ನಾಲ್ಕು ಜನರಲ್ಲಿ ಒಬ್ಬರು "ಕಾರು ಬೇರು ಬಿಟ್ಟಿದೆ ಮಾರಾಯ್ರೆ" ಅಂದು ಕಾಫಿ ಕುಡಿದು ಹೋದರು. ಕೊನೆಗೆ ಪಿಕಪ್ ಬ್ಯಾಟರಿಯಿಂದ ಜಂಪ್ ಕೊಟ್ಟೆವು.

ಭಾವನ ಕಾರು ಎಎಂಟಿ, ಅಂದರೆ ಕ್ಲಚ್ಚು ಗೇರು ಎರಡನ್ನೂ ಯಂತ್ರವೇ ಹಾಕುವ ಮ್ಯಾನ್ಯುಯಲ್, ಅವರ ಪ್ರಶ್ನೆ ಬೇರೆ: "ನಂದೂ ಆಟೋಮ್ಯಾಟಿಕ್ ಅಲ್ವಾ, ಪಿ ಎಲ್ಲಿದೆ?" ಇಲ್ಲ. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನ ಜೊತೆ ನಮ್ಮಲ್ಲಿ ಶುರುವಾದ ಎಎಂಟಿಗಳಲ್ಲಿ ಸಾಮಾನ್ಯವಾಗಿ ಪಿ ಇರುವುದಿಲ್ಲ, ಒಳಗಿರುವುದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಇಳಿಜಾರಿನಲ್ಲಿ ಎನ್‌ನಲ್ಲಿ, ಅಂದರೆ ನ್ಯೂಟ್ರಲ್‌ನಲ್ಲಿ ಬಿಡಬೇಡಿ. ಬ್ರೇಕ್ ತುಳಿದುಕೊಂಡು ಗೇರಿನಲ್ಲೇ ಎಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ.

ಇದಕ್ಕೋಸ್ಕರ ಮೇಲಿನ ವೇರಿಯಂಟ್ ತಗೋಬೇಕಾ ಅಂತ ಇಬ್ಬರು ಮೂವರು ಕೇಳಿದ್ದಾರೆ. ದಾವಣಗೆರೆಯಂಥ ಸಮತಟ್ಟು ಊರಿನಲ್ಲಿದ್ದರೆ ನಾನಂತೂ ಅದೇ ದುಡ್ಡಿಗೆ ಒಳ್ಳೆ ಟೈರ್ ಹಾಕಿಸುತ್ತೇನೆ. ಮಡಿಕೇರಿ, ಮಂಗಳೂರು, ನಮ್ಮ ಕಡೆಯವರಾದರೆ ತಗೊಳ್ಳಿ. ಆದರೆ ಟೆಸ್ಟ್ ಡ್ರೈವ್‌ನಲ್ಲಿ ಒಂದು ಕೆಲಸ ಮಾಡಿ. ಖಾಲಿ ಜಾಗ, ಸ್ವಲ್ಪವೇ ಏರು, ಹಿಂದೆ ಮುಂದೆ ಯಾರೂ ಇರಬಾರದು. ಗೇರ್ ಡಿಯಲ್ಲಿರಲಿ, ಪಾದ ಬ್ರೇಕಿನ ಮೇಲೆಯೇ ಇರಲಿ, ಇಳಿಯಬೇಡಿ. ಬೆಲ್ಟ್ ಬಿಚ್ಚಿ, ಬಾಗಿಲು ಒಂದು ಗೇಣು ತೆಗೆದು ಕೆಂಪು ದೀಪ ಬರುತ್ತದಾ ನೋಡಿ. ಒಮ್ಮೆ ಆಟೋ ಹೋಲ್ಡ್ ಹಾಕಿ, ಒಮ್ಮೆ ಹಾಕದೆ. ಎರಡನೇ ಸಲವೂ ಕೆಂಪು ಬಂದರೆ ಆ ಕಾರು ನನ್ನದಕ್ಕಿಂತ ಬುದ್ಧಿವಂತ. ಯಾವ ಕಾರು ಅಂತ ನನಗೂ ತಿಳಿಸಿ.