ಮೊದಲ ಕಾರಿಗೆ ‘ಎಲ್ಲ ಹಾಕಿಸಿರೋ’ ಫೋರ್ ಬೈ ಫೋರ್ ಕೊಳ್ಳುವವರೇ, ಮೊದಲು ಕೆಳಗೆ ಬಗ್ಗಿ ನೋಡಿ

ಇದು ಒಂದು ಗಾಡಿಗೆ ಮೂರೇ ತಿಂಗಳಲ್ಲಿ ಆದ ಗತಿ. ಲೈಸೆನ್ಸ್ ಕೈಗೆ ಬಂದು ವರ್ಷ ತುಂಬದ ಒಬ್ಬರು ಮೊದಲ ಕಾರೆಂದು ಕೊಂಡದ್ದು: ಹತ್ತು ವರ್ಷ ದಾಟಿದ, ಲ್ಯಾಡರ್ ಚಾಸಿಸ್ಸಿನ (ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ), ಎರಡು ಲಿವರಿನ (ಒಂದು ಗೇರಿಗೆ, ಇನ್ನೊಂದು ಫೋರ್ ವೀಲ್ ಡ್ರೈವಿಗೆ) ಡೀಸೆಲ್ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಲ್ಲ ಗಾಡಿ. ಗಾಡಿಯನ್ನು 2 ಇಂಚು ಎತ್ತರಿಸುವ ಲಿಫ್ಟ್, ದಪ್ಪ ಮಡ್ ಟೈರು, ಸ್ಟೀಲ್ ಬಂಪರು, ಹೂತ ಗಾಡಿಯನ್ನು ಎಳೆಯುವ ವಿಂಚು, ಎಂಜಿನ್ನಿಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕಲ್, ಮೇಲೆ ಕ್ಯಾರಿಯರ್. ‘ಎಲ್ಲ ಹಾಕಿಸಿದ್ದೀನಿ, ನೀವು ಡೀಸೆಲ್ ಹಾಕಿಸಿ ಓಡಿಸೋದಷ್ಟೇ’ ಎಂದು ಮಾರಿದ್ದರು. ಮೊದಲು ಸ್ಟೀರಿಂಗ್ ಒದರಾಡಿತು. ಆಮೇಲೆ ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಕಚ್ಚಿಕೊಂಡಿತು, ತಿರುವಿನಲ್ಲಿ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಿಂದಿನ ಡಿಫರೆನ್ಷಿಯಲ್ ಕೂಗತೊಡಗಿತು, ಕೊನೆಗೆ ಚಾಸಿಸ್ಸಿನಲ್ಲೇ ತೂತು ಸಿಕ್ಕಿತು. ಇವುಗಳಲ್ಲಿ ಹೆಚ್ಚಿನವುಗಳ ಬೀಜ ಕೊಳ್ಳುವ ದಿನವೇ ಗಾಡಿಯಲ್ಲಿತ್ತು. ಒಂದು ಟಾರ್ಚು, ಒಂದು ಸ್ಪ್ಯಾನರ್ ಸೆಟ್, ಒಂದು ಸಣ್ಣ ಸುತ್ತಿಗೆ ಹಿಡಿದು ಒಂದು ಗಂಟೆ ನೋಡಿದ್ದರೆ ಸಿಗುತ್ತಿತ್ತು. ಇನ್ನೊಬ್ಬರು ಹೀಗೆ ಕೈ ಸುಟ್ಟುಕೊಳ್ಳಬಾರದು ಅಂತಲೇ ಒಂದೊಂದನ್ನೂ ಬಿಡಿಸಿ ಬರೆಯುತ್ತಿರುವುದು.

ಸ್ಟೀರಿಂಗಿನಿಂದ ಶುರು ಮಾಡೋಣ. 70-80 ಕಿ.ಮೀ. ವೇಗದಲ್ಲಿ ಮುಂದಿನ ಒಂದು ಚಕ್ರ ಸಣ್ಣ ಗುಂಡಿಗೆ ಇಳಿದು ಎದ್ದ ಕೂಡಲೇ ಸ್ಟೀರಿಂಗ್ ಚಕ್ರ ಎಡಕ್ಕೂ ಬಲಕ್ಕೂ ಕೈಯಿಂದ ಕಿತ್ತುಕೊಳ್ಳುವಷ್ಟು ಜೋರಾಗಿ ಅಲುಗಾಡಿತು. ಮುಂದೆ ಇಡಿಯಾದ ಆಕ್ಸಲ್ ಇರುವ ಗಾಡಿಗಳಲ್ಲಿ ಇದು ಗೊತ್ತಿರುವ ಕಾಯಿಲೆ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುತ್ತದಲ್ಲ, ಅದು ನೇರವಾಗಿ ಹೋಗಲು ಆ ಓರೆಯೂ ಒಂದು ಕಾರಣ. ಕಾರಿನ ಮುಂದಿನ ಚಕ್ರಕ್ಕೂ ಅಂಥ ಓರೆ ಇರುತ್ತದೆ, ಅದನ್ನು ಕ್ಯಾಸ್ಟರ್ ಅನ್ನುತ್ತಾರೆ. ಕಾಯಿಲ್ ಸ್ಪ್ರಿಂಗಿನ ಗಾಡಿಗೆ ಉದ್ದದ ಸ್ಪ್ರಿಂಗ್ ಮಾತ್ರ ಹಾಕಿ ಎತ್ತಿದರೆ ಆಕ್ಸಲ್ ತಿರುಗಿ ಈ ಓರೆ ಕಡಿಮೆಯಾಗುತ್ತದೆ. ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿದಿರುವ ಪ್ಯಾನ್‌ಹಾರ್ಡ್ ರಾಡಿನ ಉದ್ದ ಹಾಗೇ ಉಳಿದಿರುವುದರಿಂದ ಆಕ್ಸಲ್ ಒಂದು ಕಡೆಗೆ ಜರುಗುತ್ತದೆ. ಇದರ ಜೊತೆಗೆ ರಾಡಿನ ಬುಷ್ ಸವೆದಿದ್ದರೆ, ಮುಂದಿನ ಎರಡು ಚಕ್ರಗಳನ್ನು ಜೋಡಿಸಿ ತಿರುಗಿಸುವ ಟೈ ರಾಡಿನ ತುದಿ ಸಡಿಲವಾಗಿದ್ದರೆ ಒದರಾಟ ಶುರುವಾಗಲು ಒಂದು ಗುಂಡಿ ಸಾಕು. ಹಾಗಾದಾಗ ಗಾಬರಿಯಲ್ಲಿ ಬ್ರೇಕ್ ಮೇಲೆ ನಿಲ್ಲಬೇಡಿ. ಎರಡೂ ಕೈಯಲ್ಲಿ ಸ್ಟೀರಿಂಗ್ ಭದ್ರವಾಗಿ ಹಿಡಿದು, ಆಕ್ಸಲರೇಟರ್ ಬಿಟ್ಟು, ನಿಧಾನವಾಗಿ ವೇಗ ಇಳಿಸಿ.

ಈ ಗಾಡಿಯಲ್ಲಿ ಸುಳಿವು ಕಣ್ಣೆದುರೇ ಇತ್ತು. ಕೆಳಗಿನ ಸಾಮಾನೆಲ್ಲ ಮಣ್ಣು ಹಿಡಿದು ಹಳೆಯದಾಗಿತ್ತು, ಸ್ಟೀರಿಂಗಿನ ಅದುರನ್ನು ತಡೆಯುವ ಡ್ಯಾಂಪರ್ ಮಾತ್ರ ಹೊಸದು. ಡ್ಯಾಂಪರ್ ಒದರಾಟವನ್ನು ಸ್ವಲ್ಪ ದಿನ ಮುಚ್ಚಿಡುತ್ತದೆ, ವಾಸಿ ಮಾಡುವುದಿಲ್ಲ. ಪರೀಕ್ಷೆ ಸುಲಭ: ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಎಂಜಿನ್ ಚಾಲೂ ಇಟ್ಟು ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪ ಆಚೀಚೆ ಆಡಿಸಲಿ, ಇನ್ನೊಬ್ಬರು ಬದಿಯಿಂದ ಬಗ್ಗಿ ಒಂದೊಂದೇ ಜಾಯಿಂಟ್ ನೋಡಲಿ. ಒಂದು ಕಡೆ ಅಲುಗಿದ ಮೇಲೆ ತಡವಾಗಿ ಇನ್ನೊಂದು ಕಡೆ ಅಲುಗಿದರೆ ಆ ಜಾಯಿಂಟ್ ಹೋಗಿದೆ. ಆಮೇಲೆ ಎಂಜಿನ್ ಆರಿಸಿ, ಚಕ್ರವನ್ನು ಜಾಕ್ ಮೇಲೆ ಎತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಚಕ್ರ ಎಡ-ಬಲಕ್ಕೆ ತಿರುಗುವ ಕೀಲು, ಅಂದರೆ ಕಿಂಗ್‌ಪಿನ್, ಸವೆದಿದೆ. ಎಡ-ಬಲಕ್ಕೆ ಹಿಡಿದಾಗ ಮಾತ್ರ ಆಟವಿದ್ದರೆ ಟೈ ರಾಡ್. ಚಕ್ರ ಪೂರ್ತಿ ಇಳಿಬಿದ್ದಾಗ ಬ್ರೇಕ್ ಹೋಸ್ ತಂತಿಯಂತೆ ಬಿಗಿಯಾಗಿದೆಯೇ ಅಂತಲೂ ನೋಡಿ. ಲಿಫ್ಟ್ ಹಾಕಿದವರು ಉದ್ದದ ಹೋಸ್ ಹಾಕಿಸಲು ಮರೆಯುವುದು ಬಹಳ ಸಾಮಾನ್ಯ.

ಟೈರಿನ ಲೆಕ್ಕ ಯಾರೂ ಹೇಳುವುದಿಲ್ಲ. ಕಂಪನಿಯಿಂದ 235/75ಆರ್15 ಬಂದಿರುವ ಗಾಡಿಗೆ 265/75ಆರ್15 ಹಾಕಿದರೆ ವ್ಯಾಸ ಸುಮಾರು 734 ಮಿ.ಮೀ.ಯಿಂದ 779ಕ್ಕೆ ಏರುತ್ತದೆ, ಅಂದರೆ 6%. ಮೀಟರ್ 100 ತೋರಿಸುವಾಗ ಮೊದಲಿಗಿಂತ ಆರು ಕಿ.ಮೀ. ಹೆಚ್ಚು ವೇಗದಲ್ಲಿ ಹೋಗುತ್ತಿರುತ್ತೀರಿ. ಓಡೋಮೀಟರೂ ಅಷ್ಟೇ ಕಡಿಮೆ ತೋರಿಸುತ್ತದೆ. ಎಲ್ಲ ಗೇರೂ ಅಷ್ಟೇ ಭಾರವಾಗಿ, ಹೊಸ ಚಾಲಕರು ಏರಿನಲ್ಲಿ ಕ್ಲಚ್ ಹಿಡಿದುಹಿಡಿದು ಸುಡುತ್ತಾರೆ. ಮಡ್ ಟೈರಿನ ದೊಡ್ಡ ಗಟ್ಟೆಗಳಲ್ಲಿ ಸಣ್ಣ ಸೀಳುಗಳು ಕಡಿಮೆ, ಹಾಗಾಗಿ ಒದ್ದೆ ಟಾರಿನ ಮೇಲೆ ಬ್ರೇಕ್ ದೂರ ಹೆಚ್ಚುತ್ತದೆ. ಟೈರಿನ ಬದಿಯಲ್ಲಿ ‘DOT’ ಎಂದು ಶುರುವಾಗುವ ಕೋಡಿನ ಕೊನೆಯ ನಾಲ್ಕು ಅಂಕಿ ಓದಿ: 2316 ಅಂದರೆ 2016ರ 23ನೇ ವಾರ ತಯಾರಾದದ್ದು. ಗಟ್ಟೆ ಎಷ್ಟೇ ಎತ್ತರ ಇರಲಿ, ಅಷ್ಟು ಹಳೆಯ ರಬ್ಬರನ್ನು ನಂಬಬೇಡಿ. ಸ್ಟೆಪ್ನಿಯದನ್ನೂ ಓದಿ.

ಮಗುಚಿ ಬೀಳುವ ಮಾತು ಬೇರೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಡ-ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಅಳತೆಗೋಲಾಗಿ ಬಳಸುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಮಗುಚುವ ಅಪಾಯ ಹೆಚ್ಚು. ಸಾಮಾನ್ಯ ಕಾರುಗಳಿಗೆ ಅದು ಹೆಚ್ಚಾಗಿ 1.30ರಿಂದ 1.50, ಎಸ್‌ಯುವಿಗಳಿಗೆ 1.00ರಿಂದ 1.30. ಅಗಲ 1.5 ಮೀಟರ್, ಕೇಂದ್ರದ ಎತ್ತರ 70 ಸೆಂ.ಮೀ. ಅಂದುಕೊಂಡರೆ 1.07 ಬರುತ್ತದೆ. ಲಿಫ್ಟು, ಕ್ಯಾರಿಯರ್ ಮೇಲಿನ ಹೊರೆ ಸೇರಿ ಆ ಕೇಂದ್ರ 5 ಸೆಂ.ಮೀ. ಮೇಲೇರಿದರೆ ನೇರ 1.00ಕ್ಕೆ ಇಳಿಯಿತು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಲು ಸ್ಟೀರಿಂಗ್ ಕಿತ್ತು ಎಳೆಯುವುದು ಹೊಸ ಚಾಲಕರ ಮೊದಲ ಪ್ರತಿಕ್ರಿಯೆ. ಎತ್ತರದ, ಗಿಡ್ಡ ವೀಲ್‌ಬೇಸಿನ, ಇಎಸ್‌ಸಿ (ಗಾಡಿ ಜಾರಿ ಹಿಡಿತ ತಪ್ಪುವಾಗ ತಾನೇ ಬ್ರೇಕ್ ಹಾಕಿ ನೇರಗೊಳಿಸುವ ವ್ಯವಸ್ಥೆ) ಇಲ್ಲದ ಗಾಡಿಯಲ್ಲಿ ಅದೇ ಮಗುಚುವ ದಾರಿ. ಮೊದಲ ಗಾಡಿಯಲ್ಲಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ತಡೆಯುವುದು) ಮತ್ತು ಇಎಸ್‌ಸಿ ಇರಲೇಬೇಕು ಎನ್ನುವುದರಲ್ಲಿ ನಮಗೆ ಎರಡು ಮಾತಿಲ್ಲ. ವರ್ಷಕ್ಕೆ ನಾಲ್ಕು ಸಲ ಮಣ್ಣು ರಸ್ತೆಗೆ ಇಳಿಯುವವರಿಗೆ 200 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನ, ಒಳ್ಳೆಯ ಟೈರಿನ ಸಾಧಾರಣ ಕಾರು ಸಾಕು.

ಎರಡನೇ ಲಿವರಿಗೆ ಬರೋಣ. ಈ ಗಾಡಿಯ ದೊಡ್ಡ ಖರ್ಚು ಬಂದದ್ದು ಇಲ್ಲಿಂದಲೇ. ಮಳೆ ಬಂತೆಂದು ಟಾರು ರಸ್ತೆಯಲ್ಲಿ 4ಎಚ್ (ಮಾಮೂಲಿ ವೇಗದ ಫೋರ್ ವೀಲ್ ಡ್ರೈವ್) ಹಾಕಿ, ಮಳೆ ನಿಂತು ರಸ್ತೆ ಒಣಗಿದ ಮೇಲೂ ತೆಗೆಯದೆ ಓಡಿಸಿದ್ದರು. ಹಿಡಿತ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ ಎನ್ನುವುದು ಯಾರಿಗೂ ಬರುವ ಯೋಚನೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಇಂಥ ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವ, ಫೋರ್ ವೀಲ್ ಡ್ರೈವಿನಲ್ಲಿ ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. 4ಎಚ್ ಹಾಕಿದ ಮೇಲೆ ಆಕ್ಸಲ್‌ಗಳಿಗೆ ಬಲ ಒಯ್ಯುವ ಮುಂದಿನ, ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗಳು ಒಂದೇ ಲೆಕ್ಕದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ ಚಕ್ರ ಜಾರಿ ಈ ವ್ಯತ್ಯಾಸ ಕಳೆದುಹೋಗುತ್ತದೆ. ಒಣ ಟಾರಿನಲ್ಲಿ ಜಾರಲು ಜಾಗವಿಲ್ಲ, ಹಗ್ಗ ಹುರಿಗೊಂಡಂತೆ ಬಿಗಿ ಶಾಫ್ಟಿನಲ್ಲೂ ಟ್ರಾನ್ಸ್‌ಫರ್ ಕೇಸಿನ ಒಳಗಿನ ಚೈನಿನಲ್ಲೂ ಕೂಡಿಕೊಳ್ಳುತ್ತದೆ. ಸಾಲದ್ದಕ್ಕೆ ಮುಂದಿನ ಎರಡು ಟೈರು ಹೊಸವು, ಹಿಂದಿನವು ಅರ್ಧ ಸವೆದವು. ತ್ರಿಜ್ಯದಲ್ಲಿ 6 ಮಿ.ಮೀ. ವ್ಯತ್ಯಾಸ ಅಂದರೂ 1.5%, ನೇರ ರಸ್ತೆಯಲ್ಲೇ ಕಿಲೋಮೀಟರಿಗೆ ಹೆಚ್ಚುಕಡಿಮೆ 15 ಮೀಟರ್ ಜಗ್ಗಾಟ.

ಲಕ್ಷಣಗಳು ಹೀಗಿರುತ್ತವೆ: ಸ್ಟೀರಿಂಗ್ ಭಾರ, ಸಣ್ಣ ತಿರುವಿನಲ್ಲಿ ಯಾರೋ ಬ್ರೇಕ್ ಹಿಡಿದಂತೆ ಗಾಡಿ ನಿಲ್ಲುವುದು, ಟೈರಿನ ಕಿರುಚು, ಲಿವರ್ 4ಎಚ್‌ನಿಂದ ಹೊರಗೆ ಬರದಿರುವುದು. ಆಗ ಲಿವರನ್ನು ಗುದ್ದಬೇಡಿ. ನೇರವಾಗಿ 5-10 ಮೀಟರ್ ರಿವರ್ಸ್ ಬಂದರೆ ಬಿಗಿ ಬಿಚ್ಚಿ ಲಿವರ್ ತಾನಾಗಿ ಸಡಿಲವಾಗುತ್ತದೆ. ಇಲ್ಲಿ ಬಲವಂತವಾಗಿ ಎಳೆದರು. ಒಳಗಿನ ಶಿಫ್ಟ್ ಫೋರ್ಕ್ ಬಾಗಿತು, ಜಗ್ಗಿದ್ದ ಚೈನು ಹಲ್ಲು ಹಾರತೊಡಗಿತು. ಏರಿನಲ್ಲಿ ಕೇಳುವ ‘ಟಕ್ ಟಕ್’ ಅದರದ್ದೇ.

ಕೊಳ್ಳುವ ಮುನ್ನ ಫೋರ್ ವೀಲ್ ಡ್ರೈವನ್ನು ಸಡಿಲ ಮಣ್ಣಿನ ಮೇಲೆ ಹಾಕಿ ನೋಡಿ, ದೀಪ ಹತ್ತಿತೆಂದು ನಂಬಬೇಡಿ. ದೀಪ ಲಿವರಿನ ಸ್ಥಾನ ಹೇಳಬಹುದು, ಮುಂದಿನ ಚಕ್ರಕ್ಕೆ ಬಲ ಹೋಗಿದೆಯೇ ಎಂದು ಹೇಳುವುದಿಲ್ಲ. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಜೋಡಿಸುವ, ವ್ಯಾಕ್ಯೂಮಿನಿಂದ ಕೂರುವ ಹಬ್‌ಗಳಲ್ಲಿ ಒಂದು ರಬ್ಬರ್ ಪೈಪು ಸೀಳಿದ್ದರೂ ಕೆಲಸ ಕೆಟ್ಟಿತು. ಗಾಡಿಯನ್ನು ಪೂರ್ತಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು 4ಎಲ್ (ನಿಧಾನ ವೇಗ, ಹೆಚ್ಚು ಎಳೆತದ ಫೋರ್ ವೀಲ್ ಡ್ರೈವ್) ಹಾಕಿ. ಮೊದಲ ಗೇರಿನಲ್ಲಿ ಇಳಿಜಾರು ಇಳಿಯುತ್ತಾ ಕಾಲು ತೆಗೆಯಿರಿ. ಲಿವರ್ ತಾನಾಗಿ ಹೊರಗೆ ಜಿಗಿದರೆ ಆ ಗಾಡಿ ಬೇಡ.

ಡಿಫರೆನ್ಷಿಯಲ್ಲಿನ ವಿಷಯಕ್ಕೆ ಸ್ಪ್ಯಾನರ್ ಬೇಕು. ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ ಆಯಿಲ್ ತೆಗೆಯಿರಿ. ಜೇನಿನ ಬಣ್ಣವಿರಲಿ, ಕಪ್ಪಾಗಿರಲಿ, ತೊಂದರೆಯಿಲ್ಲ. ಈ ಗಾಡಿಯದು ಹಾಲು ಹೆಚ್ಚಾದ ಕಾಫಿಯಂತಿತ್ತು, ಬೆರಳಿಗೆ ನೊರೆ ಅಂಟಿತು. ಒಳಗೆ ನೀರು ಹೋಗಿದೆ ಎಂದರ್ಥ. ಓಡಿ ಬಿಸಿಯಾದ ಆಕ್ಸಲ್ ಹೊಳೆಯ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಕ್ಸಲ್ ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಕೆಸರಿನಿಂದ ಮುಚ್ಚಿದ್ದರೆ ಗಾಳಿಯ ಬದಲು ಸೀಲಿನ ಅಂಚಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಸ್ನಾರ್ಕಲ್ ಹಾಕಿಸಿದವರು ಬ್ರೀದರ್ ಪೈಪನ್ನು ಮೇಲಕ್ಕೆ ಒಯ್ದಿರಲಿಲ್ಲ. ಡ್ರೇನ್ ಪ್ಲಗ್ಗಿನ ಅಯಸ್ಕಾಂತದ ಮೇಲೆ ನುಣ್ಣನೆ ಬೂದು ಪೇಸ್ಟ್ ಇದ್ದರೆ ಸಹಜ; ಬೆರಳಿಗೆ ಚುಚ್ಚುವ ಚೂರುಗಳಿದ್ದರೆ ಬೇರಿಂಗೋ ಹಲ್ಲೋ ಹೋಗುತ್ತಿದೆ. ಯಾವಾಗಲೂ ಫಿಲ್ಲರ್ ಪ್ಲಗ್ ಬಿಚ್ಚಿದ ಮೇಲೆಯೇ ಡ್ರೇನ್ ಬಿಚ್ಚಿ. ಆಯಿಲೆಲ್ಲ ಸುರಿದ ಮೇಲೆ ಫಿಲ್ಲರ್ ಬಾರದಿದ್ದರೆ ಗಾಡಿ ಅಲ್ಲೇ ಕೂರುತ್ತದೆ. ಡಿಫರೆನ್ಷಿಯಲ್ಲಿಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕುತ್ತಾರೆಂದು ಅದನ್ನೇ ಗೇರ್‌ಬಾಕ್ಸಿಗೂ ಸುರಿಯಬೇಡಿ. ಜಿಎಲ್-4 ಕೇಳುವ ಪೆಟ್ಟಿಗೆಯಲ್ಲಿ ಅದು ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ಕೆಡಿಸಬಹುದು.

ನೀರಿಗೆ ಇಳಿದ ಗಾಡಿಯ ಗುರುತು ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ಮೆಕ್ಕಲಾಗಿ, ಸೀಟಿನ ಬೋಲ್ಟುಗಳಲ್ಲಿ ತುಕ್ಕಾಗಿ, ಹೆಡ್‌ಲೈಟಿನ ಒಳಗೆ ಮಣ್ಣಿನ ಗೆರೆಯಾಗಿ ಉಳಿದಿರುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಅದು ಗಾಳಿಯಂತೆ ಅದುಮಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಮೇಲೆ ಥಳಕು ಒಳಗೆ ಹುಳುಕು ಎನ್ನುವುದು ಈ ಗಾಡಿಯ ಚಾಸಿಸ್ಸಿಗೆ ಅಕ್ಷರಶಃ ಸರಿ. ಮಾರುವ ಮುನ್ನ ಅಡಿಗೆಲ್ಲ ದಪ್ಪ ಕಪ್ಪು ಕೋಟಿಂಗ್ ಬಳಿಸಿದ್ದರು, ಹೊಸದರಂತೆ ಹೊಳೆಯುತ್ತಿತ್ತು. ಪೆಟ್ಟಿಗೆಯಾಕಾರದ ಚಾಸಿಸ್ ಒಳಗೆ ಕೆಸರು ತುಂಬಿ, ನೀರು ಇಳಿಯುವ ತೂತುಗಳು ಕಟ್ಟಿಕೊಂಡರೆ ತುಕ್ಕು ಒಳಗಿನಿಂದ ತಿನ್ನುತ್ತದೆ. ಸಣ್ಣ ಸುತ್ತಿಗೆಯಿಂದ ಅಡಿ ಅಡಿಗೂ ತಟ್ಟುತ್ತಾ ಬನ್ನಿ. ಗಟ್ಟಿ ಲೋಹ ‘ಠಣ್’ ಎನ್ನುತ್ತದೆ, ಕೊಳೆತದ್ದು ‘ದಬ್’ ಎನ್ನುತ್ತದೆ. ಹಿಂದಿನ ಆಕ್ಸಲ್ ಮೇಲೆ ಚಾಸಿಸ್ ಬಾಗುವಲ್ಲಿ, ಸ್ಪ್ರಿಂಗಿನ ತುದಿಯನ್ನು ಚಾಸಿಸ್ಸಿಗೆ ಕೂಡಿಸುವ ಶ್ಯಾಕಲ್ ಇರುವಲ್ಲಿ, ಬಾಡಿ ಚಾಸಿಸ್ಸಿಗೆ ಕೂರುವ ಬಾಡಿ ಮೌಂಟ್‌ಗಳಲ್ಲಿ ಹೆಚ್ಚು ಹೊತ್ತು ನಿಲ್ಲಿ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಬಿರುಕು ಹುಡುಕಿ, ದೊಡ್ಡ ಟೈರಿನ ಹೊಡೆತ ಬೀಳುವುದು ಅಲ್ಲಿಗೆ. ತೂತುಗಳಲ್ಲಿ ಟಾರ್ಚ್ ಬಿಟ್ಟು ಮೊಬೈಲ್ ಕ್ಯಾಮೆರಾದಿಂದ ಒಳಗೆ ನೋಡಿ. ಬೇರೆ ತಗಡು ಬೆಸುಗೆ ಹಾಕಿದ ಗುರುತಿದ್ದರೆ ಯಾಕೆಂದು ಕೇಳಿ. ‘ದಬ್’ ಎಂದ ಕಡೆ ದಪ್ಪ ಸ್ಕ್ರೂಡ್ರೈವರ್ ಒತ್ತಿ. ಈ ಗಾಡಿಯಲ್ಲಿ ಬಲ ಹಿಂಬದಿಯ ಶ್ಯಾಕಲಿನ ಪಕ್ಕ ಅದು ಹಿಡಿಯವರೆಗೂ ಇಳಿಯಿತು, ಜೊತೆಗೆ ಒಂದು ಹಿಡಿ ಕೆಂಪು ಪುಡಿ ಉದುರಿತು. ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್ ಬೇರೆ ಹಾಕಿಸಬಹುದು. ಅವನ್ನು ಹೊತ್ತಿರುವ ಚಾಸಿಸ್ಸೇ ಹೀಗಿದ್ದರೆ ಬೆಲೆ ಎಷ್ಟು ಇಳಿಸುತ್ತೀರೆಂದು ಕೇಳಲೂ ಹೋಗಬೇಡಿ, ಕೀ ವಾಪಸ್ ಕೊಟ್ಟು ಬನ್ನಿ.